ಹಡಗೇರಿ ಬಂದ ಉಗಿಬಂಡಿಗಳು

ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಓಡಿದ ರೈಲು ಇಂಜಿನ್‌ಗಳು ಬಹುಪಾಲು ಬ್ರಿಟನ್ನಿನ ಕಾರ್ಖಾನೆಗಳಲ್ಲಿ ತಯಾರಾದವು. ಲೀಡ್ಸ್, ಮ್ಯಾಂಚೆಸ್ಟರ್, ಗ್ಲಾಸ್ಗೋಗಳಲ್ಲಿ ಒಮ್ಮೆ ಜೋಡಿಸಿ, ಮತ್ತೆ ಬಿಚ್ಚಿ, ಪೆಟ್ಟಿಗೆಗಳಲ್ಲಿ ತುಂಬಿದ ಈ ಯಂತ್ರಗಳು ಆಫ್ರಿಕಾದ ತುದಿಯನ್ನು ಬಳಸಿಕೊಂಡು ತಿಂಗಳುಗಟ್ಟಲೆ ಸಮುದ್ರದ ಮೇಲೆ ಸಾಗಿ ಬೊಂಬಾಯಿ, ಕಲ್ಕತ್ತೆ, ಮದರಾಸು, ಕರಾಚಿ ಮುಟ್ಟುತ್ತಿದ್ದವು. ಇಂಜಿನ್ ಜೊತೆಗೆ ಹಳಿ, ಹಳಿಯ ಕೆಳಗಿನ ಮರ, ಸೇತುವೆಯ ತೊಲೆ, ನೀರೆತ್ತುವ ಪಂಪು, ಕಡೆಗೆ ಬೋಲ್ಟು ನಟ್ಟುಗಳೂ ಬಂದವು. ರೈಲ್ವೆಯ ಚರಿತ್ರೆ ಬರೆದವರು ಸಾಮಾನ್ಯವಾಗಿ ಮೊದಲ ಗಾಡಿ ಹೊರಟ ದಿನದಿಂದ ಕಥೆ ಶುರುಮಾಡುತ್ತಾರೆ. ಆ ಗಾಡಿ ಹಳಿಯ ಮೇಲೆ ನಿಲ್ಲುವ ಮೊದಲು ಮಾಡಿದ ಪ್ರಯಾಣ ಅದಕ್ಕಿಂತ ದೊಡ್ಡದು, ಅಪಾಯವೂ ಹೆಚ್ಚು.

ರೈಲಿಗಿಂತ ಮೂವತ್ತು ವರ್ಷ ಮೊದಲೇ ಭಾರೀ ಯಂತ್ರಗಳು ಹಡಗಿನಲ್ಲಿ ಬರತೊಡಗಿದ್ದವು. ಲಂಡನ್ನಿನ ಮಾಡ್ಸ್ಲೇ ಕಾರ್ಖಾನೆಯ ಒಂದು ಜೋಡಿ ಉಗಿಯಂತ್ರವನ್ನು ವ್ಯಾಪಾರದ ಆಸೆಯಿಂದ ಚೀನಾದ ಕ್ಯಾಂಟನ್ನಿಗೆ ಒಯ್ಯಲಾಗಿತ್ತು. ಅಲ್ಲಿ ಕೊಳ್ಳುವವರು ಸಿಗದೆ ಅದು ಕಲ್ಕತ್ತೆಗೆ ಬಂದಿತು. ಖಿದಿರ್‌ಪುರದ ಹಡಗುಕಟ್ಟೆಯಲ್ಲಿ ಮರದ ದೋಣಿಯೊಂದಕ್ಕೆ ಅದನ್ನು ಕೂರಿಸಿ 1823ರ ಜುಲೈಯಲ್ಲಿ ನೀರಿಗಿಳಿಸಿದರು. 'ಡಯಾನಾ' ಎಂಬ ಆ ಪುಟ್ಟ ಉಗಿದೋಣಿ ಮರುವರ್ಷವೇ ಬರ್ಮಾ ಯುದ್ಧಕ್ಕೆ ಹೋಯಿತು. ಗಾಳಿಯ ಹಂಗಿಲ್ಲದೆ ಐರಾವತಿ ನದಿಯಲ್ಲಿ ಎದುರುಪ್ರವಾಹದಲ್ಲಿ ಏರಬಲ್ಲ ದೋಣಿ ಏನು ಮಾಡಬಲ್ಲದು ಎಂಬುದು ಈಸ್ಟ್ ಇಂಡಿಯಾ ಕಂಪನಿಯ ಸರಕಾರಕ್ಕೆ ಮನವರಿಕೆಯಾದದ್ದು ಅಲ್ಲಿಯೇ.

ಅದೇ ದಶಕದಲ್ಲಿ ಕಲ್ಕತ್ತೆ, ಬೊಂಬಾಯಿಗಳ ಹೊಸ ಟಂಕಸಾಲೆಗಳಿಗೆ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಕಾರ್ಖಾನೆಯಿಂದ ಉಗಿಯಂತ್ರಗಳೂ ನಾಣ್ಯ ಒತ್ತುವ ಯಂತ್ರಗಳೂ ಬಂದವು. ಯಂತ್ರ ಬಂದರೆ ಸಾಲದು, ಅದನ್ನು ಬಲ್ಲವರೂ ಬೇಕು ಎಂಬುದು ಕಂಪನಿಗೆ ಇಲ್ಲಿ ಗೊತ್ತಾಯಿತು. ಕಲ್ಕತ್ತೆಯ ಟಂಕಸಾಲೆ ಕಟ್ಟಿದ ವಿಲಿಯಂ ನೇರ್ನ್ ಫೋರ್ಬ್ಸ್, ಬೊಂಬಾಯಿಯದನ್ನು ಕಟ್ಟಿದ ಜಾನ್ ಹಾಕಿನ್ಸ್ ಇಬ್ಬರೂ ಸೇನೆಯ ಇಂಜಿನಿಯರುಗಳು, ಇಬ್ಬರೂ ಸೋಹೋದಲ್ಲಿ ಕೆಲಸ ಕಲಿತವರು. ಕಲ್ಕತ್ತೆಯ ಕಟ್ಟಡದ ಅಡಿಪಾಯ 1824ರಲ್ಲಿ ಬಿದ್ದು ನಾಣ್ಯ ಹೊರಬರಲು 1829 ಆಯಿತು. ಹೂಗ್ಲಿ ದಂಡೆಯ ಕೆಸರುನೆಲ ಅಷ್ಟು ಭಾರ ಹೊರುವಂತೆ ಮಾಡುವುದಕ್ಕೇ ಅದರಲ್ಲಿ ಬಹಳ ಹೊತ್ತು ಹೋಯಿತು. ನೆಲದ ಮೇಲೆ ಕಾಣುವಷ್ಟೇ ಇಟ್ಟಿಗೆ ನೆಲದ ಕೆಳಗೂ ಇದೆ ಎಂದು ಆ ಕಟ್ಟಡದ ಬಗ್ಗೆ ಹೇಳುವುದುಂಟು.

1825ರಲ್ಲಿ 'ಎಂಟರ್‌ಪ್ರೈಸ್' ಎಂಬ ಉಗಿಹಡಗು ಇಂಗ್ಲೆಂಡಿನ ಫಾಲ್ಮತ್ ಬಿಟ್ಟು 113 ದಿನಗಳಲ್ಲಿ ಕಲ್ಕತ್ತೆ ಸೇರಿತು. ದಾರಿಯ ಉದ್ದಕ್ಕೂ ಉರಿಸುವಷ್ಟು ಕಲ್ಲಿದ್ದಲು ಹೊರಲು ಅದಕ್ಕೆ ಸಾಧ್ಯವಿರಲಿಲ್ಲ, ಆದ್ದರಿಂದ ದಾರಿಯ ಒಂದು ಪಾಲನ್ನು ಹಾಯಿ ಕಟ್ಟಿಯೇ ಕಳೆಯಬೇಕಾಯಿತು. ಅದರ ಕಪ್ತಾನ ಜೇಮ್ಸ್ ಹೆನ್ರಿ ಜಾನ್‌ಸ್ಟನ್ ಮುಂದೆ ಗಂಗಾ ನದಿಯ ಉಗಿದೋಣಿಗಳ ಉಸ್ತುವಾರಿ ಹೊತ್ತಾಗ ಬೇರೊಂದು ದಾರಿ ಹಿಡಿಯಲಾಯಿತು. ನದಿಗೆಂದು ಮಾಡಿದ ತೆಳುತಳದ ದೋಣಿ ಸಾಗರ ದಾಟಲಾರದು. ಹಾಗಾಗಿ 'ಲಾರ್ಡ್ ವಿಲಿಯಂ ಬೆಂಟಿಂಕ್' ಎಂಬ ಕಬ್ಬಿಣದ ದೋಣಿಯನ್ನು ಲಂಡನ್ನಿನಲ್ಲಿ ತಯಾರಿಸಿ, ತಗಡು ತಗಡಾಗಿ ಬಿಚ್ಚಿ, ಬೇರೆ ಹಡಗಿನಲ್ಲಿ ಹೇರಿ ಕಲ್ಕತ್ತೆಗೆ ತಂದು ಮತ್ತೆ ರಿವೆಟ್ ಹೊಡೆದು ಜೋಡಿಸಿದರು. 1834ರಲ್ಲಿ ಅದು ಗಂಗೆಯಲ್ಲಿ ಓಡತೊಡಗಿತು. ಜೋಡಿಸಿ, ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸುವ ಈ ಕ್ರಮವೇ ಮುಂದಿನ ನೂರು ವರ್ಷ ಭಾರತಕ್ಕೆ ಬಂದ ಭಾರೀ ಯಂತ್ರಗಳ ಕ್ರಮವಾಯಿತು.

1849ರಲ್ಲಿ ಈಸ್ಟ್ ಇಂಡಿಯನ್ ಮತ್ತು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಗಳಿಗೆ ಹೂಡಿದ ಹಣದ ಮೇಲೆ ಶೇ. 5 ಬಡ್ಡಿಯ ಖಾತರಿ ಸಿಕ್ಕಿದ ಮೇಲೆ ಈ ಸಾಗಣೆಯ ಪ್ರಮಾಣವೇ ಬದಲಾಯಿತು. ನಷ್ಟವಾದರೆ ತುಂಬಿಕೊಡುವುದು ಭಾರತದ ಬೊಕ್ಕಸ, ಲಾಭ ಬಂದರೆ ಲಂಡನ್ನಿನ ಷೇರುದಾರರಿಗೆ. ಇಂಥ ಏರ್ಪಾಟಿನಲ್ಲಿ ಸಾಮಾನನ್ನು ಎಲ್ಲಿ ಕೊಂಡರೆ ಅಗ್ಗ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯ ಯಾರಿಗೂ ಬರಲಿಲ್ಲ. ಲೆಕ್ಕ ನೋಡಿದರೆ ಗಾಬರಿಯಾಗುವಷ್ಟು ಭಾರ. ಗಜಕ್ಕೆ 84 ಪೌಂಡ್ ತೂಗುವ ಹಳಿಯನ್ನು ಒಂಟಿ ಮಾರ್ಗಕ್ಕೆ ಹಾಕಿದರೂ ಒಂದು ಮೈಲಿಗೆ 132 ಟನ್ ಕಬ್ಬಿಣ ಬೇಕು. ನೂರು ಮೈಲಿ ಎಂದರೆ ಹಳಿಯೊಂದೇ 13,200 ಟನ್. ಕಾಡಿನ ನಾಡಾದ ಭಾರತಕ್ಕೆ ಹಳಿಯ ಅಡಿಯ ಮರವೂ ಹಡಗಿನಲ್ಲೇ ಬಂದಿತು ಎಂಬುದು ಈಗ ನಂಬಲು ಕಷ್ಟ. ಬಾಲ್ಟಿಕ್ ಕಡೆಯ ಮರವನ್ನು ಇಂಗ್ಲೆಂಡಿನಲ್ಲಿ ಡಾಂಬರಿನೆಣ್ಣೆಯಲ್ಲಿ ನೆನೆಸಿ ಕಳಿಸುತ್ತಿದ್ದರು. ಇಲ್ಲಿನ ಎಷ್ಟೋ ಜಾತಿಯ ಮರಗಳನ್ನು ಗೆದ್ದಲು ಕೆಲವೇ ಮಳೆಗಾಲಗಳಲ್ಲಿ ತಿಂದುಹಾಕುತ್ತಿತ್ತು. ತೇಗ, ಸಾಲದಂಥ ಗಟ್ಟಿಮರವನ್ನು ಕಾಡಿನೊಳಗಿಂದ ಸಾಗಿಸಲು ದಾರಿಯೇ ಇರಲಿಲ್ಲ.

ಇಂಜಿನ್ ಒಂದನ್ನು ಹಡಗಿಗೆ ಸಿದ್ಧಮಾಡುವ ಕೆಲಸ ಕಾರ್ಖಾನೆಯಲ್ಲೇ ಶುರುವಾಗುತ್ತಿತ್ತು. ಮೊದಲು ಅದನ್ನು ಪೂರ್ತಿ ಜೋಡಿಸಿ, ಉಗಿ ಎಬ್ಬಿಸಿ, ಗಾಲಿ ತಿರುಗಿಸಿ ನೋಡುವರು. ಭಾರತದ ಹಳಿಗಳ ನಡುವಿನ ಅಂತರ 5 ಅಡಿ 6 ಅಂಗುಲ, ಇಂಗ್ಲೆಂಡಿನದು 4 ಅಡಿ 8½ ಅಂಗುಲ. ಹಾಗಾಗಿ ಕಾರ್ಖಾನೆಯ ಹೊರಗಿನ ಹಳಿಯ ಮೇಲೆ ಓಡಿಸಿ ನೋಡುವ ಹಾಗಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಒಂದೊಂದು ಭಾಗಕ್ಕೂ ಗುರುತಿನ ಅಂಕಿ ಹೊಡೆದು ಬಿಚ್ಚುವರು. ಬಾಯ್ಲರ್ ಒಂದು ಗಂಟು. ಅದಕ್ಕೆ ಪೆಟ್ಟಿಗೆ ಕಟ್ಟುವಂತಿಲ್ಲ, ತೂತುಗಳಿಗೆಲ್ಲ ಮರದ ಬೆಣೆ ಜಡಿದು ಹಾಗೇ ಕಳಿಸಬೇಕು. ಅಚ್ಚಿಗೆ ಕೂರಿಸಿದ ಗಾಲಿಗಳು ಜೋಡಿ ಜೋಡಿಯಾಗಿ ಬೇರೆ, ಚೌಕಟ್ಟು ಬೇರೆ, ಸಿಲಿಂಡರ್ ಬೇರೆ. ಹಿತ್ತಾಳೆಯ ಸಾಮಾನು, ಕೀಲು, ಅಳತೆಯ ಉಪಕರಣ ಎಲ್ಲ ಮರದ ಪೆಟ್ಟಿಗೆಗಳೊಳಗೆ. ಕಡೆದು ಹೊಳಪಿಟ್ಟ ಉಕ್ಕಿನ ಮೈಗೆ ಸಮುದ್ರದ ಉಪ್ಪುಗಾಳಿಯೇ ಶತ್ರು. ಆ ಭಾಗಗಳಿಗೆಲ್ಲ ಸಫೇದ ಬೆರೆಸಿದ ದನದ ಕೊಬ್ಬನ್ನು ದಪ್ಪಗೆ ಬಳಿಯುತ್ತಿದ್ದರು. ಇಷ್ಟೆಲ್ಲ ಮಾಡಿಯೂ ಪೆಟ್ಟಿಗೆಯ ಪಟ್ಟಿಯಲ್ಲಿ ಒಂದು ಸಾಲು ಬಿಟ್ಟುಹೋದರೆ ಮುಗಿಯಿತು. ಕಾಣೆಯಾದ ಒಂದು ಕವಾಟಕ್ಕೆ ಪತ್ರ ಬರೆದು, ಅದು ಮತ್ತೆ ಆಫ್ರಿಕಾದ ತುದಿ ಸುತ್ತಿ ಬರುವವರೆಗೆ ಇಡೀ ಇಂಜಿನ್ ಷೆಡ್ಡಿನಲ್ಲಿ ಕೂರಬೇಕು.

ಭಾರದ ಸರಕನ್ನು ಹಡಗಿನ ಒಡಲಲ್ಲಿ ಜೋಡಿಸುವುದು ಬೇರೆಯದೇ ವಿದ್ಯೆ. ಹಳಿಯಂಥ ಕಬ್ಬಿಣವನ್ನೆಲ್ಲ ತಳದಲ್ಲಿ ಒಟ್ಟಿದರೆ ಹಡಗು ಭದ್ರವಾಗುತ್ತದೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆಗುವುದು ಬೇರೆ. ಭಾರವೆಲ್ಲ ಕೆಳಗೇ ಇದ್ದರೆ ಹಡಗು ಓಲಿದಷ್ಟೂ ತಂಜಾವೂರು ಬೊಂಬೆಯ ಹಾಗೆ ಸರಕ್ಕನೆ ನೆಟ್ಟಗಾಗುತ್ತದೆ. ಆ ಜಗ್ಗಾಟಕ್ಕೆ ಹಾಯಿಯ ಹಗ್ಗ ಹರಿದು ಕೂವೆಮರವೇ ಮುರಿದು ಬೀಳಬಹುದು. ಅದಕ್ಕಾಗಿ ಅನುಭವಿಗಳು ಹಳಿಗಳನ್ನು ಒತ್ತಾಗಿ ಪೇರಿಸದೆ, ಒಂದು ಸಾಲು ಉದ್ದಕ್ಕೆ ಒಂದು ಸಾಲು ಓರೆಗೆ ಇಟ್ಟು, ನಡುವೆ ಸಂದು ಬಿಟ್ಟು ಜಾಲರಿಯಂತೆ ಮೇಲಕ್ಕೆ ಎಬ್ಬಿಸುತ್ತಿದ್ದರು. ಹಾಗೆ ಮಾಡಿದರೆ ಭಾರದ ಮಧ್ಯಬಿಂದು ಮೇಲೇರಿ ಹಡಗು ನಿಧಾನಕ್ಕೆ, ಹದವಾಗಿ ಓಲುತ್ತದೆ. ಬಾಯ್ಲರನ್ನು ನಡುಒಡಲಿನಲ್ಲಿ ಮಲಗಿಸಿ ಸುತ್ತ ಮರದ ದಿಮ್ಮಿ ಬಿಗಿದು ಸರಪಳಿ ಹಾಕುವರು. ಬಿರುಗಾಳಿಯಲ್ಲಿ ಹತ್ತು ಟನ್ನಿನ ಸಿಲಿಂಡರಿನಾಕಾರದ ವಸ್ತು ಸಡಿಲಗೊಂಡು ಉರುಳಿದರೆ ಅದು ಹಡಗಿನ ಪಕ್ಕೆಯನ್ನು ಒಳಗಿನಿಂದಲೇ ಒಡೆಯುತ್ತದೆ. ಅಲೆಗಿಂತ ಒಳಗಿನ ಸರಕಿಗೇ ನಾವಿಕರು ಹೆಚ್ಚು ಹೆದರುತ್ತಿದ್ದದ್ದರಲ್ಲಿ ಅರ್ಥವಿದೆ.

ಸೂಯೆಜ್ ಕಾಲುವೆ ಇಲ್ಲದ ಆ ದಿನಗಳಲ್ಲಿ ಅಟ್ಲಾಂಟಿಕ್ ಇಳಿದು, ಗುಡ್ ಹೋಪ್ ಭೂಶಿರ ಸುತ್ತಿ ಭಾರತ ಸೇರಲು ಹಾಯಿಹಡಗಿಗೆ ಸುಮಾರು ನಾಲ್ಕು ತಿಂಗಳು ಬೇಕಿತ್ತು. ಈ ದಾರಿಯಲ್ಲಿ ಏನೇನು ಎಡವಟ್ಟಾಗಬಹುದು ಎಂಬುದಕ್ಕೆ ಈಸ್ಟ್ ಇಂಡಿಯನ್ ರೈಲ್ವೆಯ ಮೊದಲ ಸರಕಿಗಿಂತ ಬೇರೆ ಸಾಕ್ಷಿ ಬೇಡ. ಮಾದರಿಗೆಂದು ಇಂಗ್ಲೆಂಡಿನಿಂದ ಕಳಿಸಿದ ಪ್ರಯಾಣಿಕರ ಗಾಡಿಗಳನ್ನು ಹೊತ್ತ 'ಗುಡ್ವಿನ್' ಎಂಬ ಹಡಗು ಹೂಗ್ಲಿಯ ಮುಖದ ಸ್ಯಾಂಡ್‌ಹೆಡ್ಸ್ ಬಳಿ, ಗುರಿ ಇನ್ನೇನು ಮುಟ್ಟಿತು ಎನ್ನುವಾಗ ಮುಳುಗಿತು. ಇಂಜಿನ್ ಹೊತ್ತ ಇನ್ನೊಂದು ಹಡಗು ತಪ್ಪು ವಿಳಾಸಕ್ಕೆ ಸಿಕ್ಕಿ ಆಸ್ಟ್ರೇಲಿಯಾಕ್ಕೆ ಹೋಯಿತು. ಅಲ್ಲಿಂದ ತಿರುಗಿ ಅದು ಕಲ್ಕತ್ತೆಗೆ ಬರುವ ಹೊತ್ತಿಗೆ 1854 ಆಗಿತ್ತು. ಫ್ರೆಂಚರ ವಶದಲ್ಲಿದ್ದ ಚಂದ್ರನಗರದ ಮೂಲಕ ಮಾರ್ಗ ಹಾಕುವ ತಕರಾರೂ ಸೇರಿ ಬಂಗಾಳದ ರೈಲು ಬೊಂಬಾಯಿಗಿಂತ ಹಿಂದೆ ಬಿದ್ದಿತು. ಕಂಪನಿಯ ಇಂಜಿನ್ ವಿಭಾಗದ ಮುಖ್ಯಸ್ಥ ಜಾನ್ ಹಾಡ್ಗ್‌ಸನ್ ಮುಳುಗಿದ ಗಾಡಿಗಳಿಗಾಗಿ ಕಾಯಲಿಲ್ಲ. ಕಲ್ಕತ್ತೆಯ ಕುದುರೆಸಾರೋಟು ಮಾಡುವ ಕಂಪನಿಗಳಿಂದಲೇ ಗಾಡಿ ಕಟ್ಟಿಸಿದ. ಜೂನ್ 28ರಂದು ಇಂಜಿನ್ ಓಡಿಸಿ ನೋಡಿ, ಆಗಸ್ಟ್ 15ರಂದು ಹೌರಾದಿಂದ ಹೂಗ್ಲಿಗೆ 24 ಮೈಲಿ ದೂರದ ಸಂಚಾರ ಆರಂಭವಾಯಿತು. ಸಮುದ್ರ ನುಂಗಿದ ಸಾಮಾನಿಗೆ ಬದಲು ಊರಿನ ಬಡಗಿಗಳು ಕೊಟ್ಟ ಸಾಮಾನು ಕಡಿಮೆಯೆನಿಸಲಿಲ್ಲ. ಆದರೂ ಕಂಪನಿಗಳು ಅದರಿಂದ ಹೆಚ್ಚೇನೂ ಕಲಿತಂತೆ ಕಾಣುವುದಿಲ್ಲ.

ಬೊಂಬಾಯಿಯಲ್ಲಿ ಸಹಜವಾದ ಆಳದ ಬಂದರಿತ್ತು, ಆದರೆ ಹಡಗು ಬಂದು ತಾಗುವ ಧಕ್ಕೆ ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು, ಸಾಮಾನು ದೋಣಿಗಳಲ್ಲಿ ಇಳಿದು ದಡಕ್ಕೆ ಬರುತ್ತಿತ್ತು. ಲೀಡ್ಸಿನ ಇ. ಬಿ. ವಿಲ್ಸನ್ ಕಾರ್ಖಾನೆಯ 'ಫಾಕ್‌ಲ್ಯಾಂಡ್' ಎಂಬ ಇಂಜಿನ್ 1852ರ ಹೊತ್ತಿಗೆ ಬೈಕುಲ್ಲಾ ಕಡೆ ಮಣ್ಣು ಸಾಗಿಸುವ ಕೆಲಸಕ್ಕೆ ನಿಂತಿತ್ತು. ಉಗಿಯ ಯಂತ್ರ ನೋಡಲು ಜನ ಜಾತ್ರೆಯಂತೆ ನೆರೆದರು. ಲ್ಯಾಂಕಷೈರಿನ ವಲ್ಕನ್ ಫೌಂಡ್ರಿಯಿಂದ ಎಂಟು ಇಂಜಿನ್‌ಗಳು ಬಂದ ಮೇಲೆ 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 21 ಮೈಲಿ ದೂರ, 14 ಗಾಡಿಗಳಲ್ಲಿ ಸುಮಾರು 400 ಅತಿಥಿಗಳನ್ನು ಕೂರಿಸಿಕೊಂಡು ಮೊದಲ ಪ್ರಯಾಣಿಕರ ರೈಲು ಹೊರಟಿತು.

ಕಲ್ಕತ್ತೆಯ ಕಷ್ಟ ಸಮುದ್ರದ್ದಲ್ಲ, ನದಿಯದು. ಮರಳಿನ ದಿಬ್ಬಗಳು ಜಾಗ ಬದಲಿಸುವ ಹೂಗ್ಲಿಯಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಏರಿ ಬರಬೇಕು. 'ಜೇಮ್ಸ್ ಅಂಡ್ ಮೇರಿ' ಎಂಬ ಕುಖ್ಯಾತ ದಿಬ್ಬಕ್ಕೆ ಆ ಹೆಸರು ಬಂದದ್ದು 1694ರಲ್ಲಿ ಅಲ್ಲಿ ಮುಳುಗಿದ ಹಡಗಿನಿಂದ. ಹಡಗಿಗೆ ದಾರಿ ತೋರುವ ಬಂಗಾಳದ ಪೈಲಟ್ ಸೇವೆಯವರು ಹತ್ತದೆ ಯಾವ ಹಡಗೂ ಮೇಲಕ್ಕೆ ಬರುವಂತಿರಲಿಲ್ಲ. ಬಂದು ನಿಂತ ಮೇಲೂ ನಿಶ್ಚಿಂತೆಯಿಲ್ಲ. 1864ರ ಅಕ್ಟೋಬರ್ 5ರ ಚಂಡಮಾರುತ ಕಲ್ಕತ್ತೆಯ ಮುಂದೆ ಲಂಗರು ಹಾಕಿದ್ದ ಹಡಗುಗಳನ್ನು ಒಂದರ ಮೇಲೊಂದು ತಂದು ಎಸೆಯಿತು.

ಎಲ್ಲಕ್ಕಿಂತ ಕೆಟ್ಟದ್ದು ಮದರಾಸು. ಅಲ್ಲಿ ಬಂದರೇ ಇರಲಿಲ್ಲ. ಬಯಲು ಕಡಲು, ಮೂರು ಸಾಲು ನೊರೆಯಲೆ, ಆಮೇಲೆ ಮರಳು. ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನಿಂದ ಹೊಲಿದ ಮಸೂಲಾ ದೋಣಿಗಳು ಮಾತ್ರ ಆ ಅಲೆಗಳಿಗೆ ಬಾಗಿ ಬಳುಕಿ ಒಡೆಯದೆ ದಡ ಸೇರುತ್ತಿದ್ದವು. ಮೂಟೆ, ಪೀಪಾಯಿಗಳಿಗೆ ಇದು ಸರಿ. ಬಾಯ್ಲರಿನಂಥ ವಸ್ತುವನ್ನು ಇಳಿಸಲು ಸಮುದ್ರ ಶಾಂತವಾಗುವವರೆಗೆ ಹಡಗು ದಿನಗಟ್ಟಲೆ ಕಾಯಬೇಕಿತ್ತು. ಹೀಗಿದ್ದೂ 1856ರ ಜುಲೈ 1ರಂದು ರಾಯಪುರಂನಿಂದ ಆರ್ಕಾಟಿನ ಕಡೆಗೆ ರೈಲು ಓಡಿತು, 1864ರಲ್ಲಿ ಬೆಂಗಳೂರು ದಂಡಿಗೂ ಹಳಿ ಮುಟ್ಟಿತು. 1860ರ ದಶಕದಲ್ಲಿ ಕಬ್ಬಿಣದ ಕಂಬಗಳ ಮೇಲೆ ಕಡಲೊಳಕ್ಕೆ ಚಾಚಿದ ಕಟ್ಟೆಯೊಂದು ಬಂದಿತು. ಆಮೇಲೆ ಕಟ್ಟಿದ ಬಂದರಿನ ಗೋಡೆಗಳನ್ನು 1881ರ ಚಂಡಮಾರುತ ಕಿತ್ತುಹಾಕಿತು. ಭದ್ರವಾದ ಬಂದರು ದಕ್ಕಲು ಶತಮಾನದ ಕೊನೆಯೇ ಬರಬೇಕಾಯಿತು.

ದಡ ಸೇರಿದ ಮೇಲಿನ ದಾರಿಗೆ ಯಂತ್ರಗಳ ನೆರವಿರಲಿಲ್ಲ. ರೈಲಿನ ಸಾಮಾನು ಒಯ್ಯಲು ಇನ್ನೂ ರೈಲು ಬಂದಿರಲಿಲ್ಲವಲ್ಲ. ಪಂಜಾಬಿನ ಮೊದಲ ಮಾರ್ಗವಾದ ಲಾಹೋರ್–ಅಮೃತಸರ 1862ರಲ್ಲಿ ತೆರೆದಾಗ ಅದಕ್ಕೆ ಸಮುದ್ರದ ಕಡೆಯಿಂದ ಹಳಿಯ ಸಂಪರ್ಕ ಎಲ್ಲೂ ಇರಲಿಲ್ಲ. ಇಂಜಿನ್ ಕರಾಚಿಯಲ್ಲಿ ಇಳಿದು, ಸಿಂಧೂ ನದಿಯಲ್ಲಿ ದೋಣಿಯೇರಿ, ಕವಲುನದಿಗಳಲ್ಲಿ ಮೇಲೆ ಬಂದು ರಾವಿಯ ದಡ ಮುಟ್ಟಿತು. ಅಲ್ಲಿಂದ ಲಾಹೋರಿನ ನಿಲ್ದಾಣಕ್ಕೆ ಬೀದಿಗಳಲ್ಲಿ ಅದನ್ನು ಎಳೆದದ್ದು ನೂರಕ್ಕೂ ಮಿಕ್ಕಿದ ಎತ್ತುಗಳು. ಹಿಂದಿನಿಂದ ಎರಡು ಆನೆಗಳು ಹಣೆಗೊಟ್ಟು ನೂಕಿದವು. ಅಷ್ಟು ಜೋಡಿ ಎತ್ತುಗಳನ್ನು ಒಂದೇ ಹೆಜ್ಜೆಗೆ ತರುವುದು, ತಿರುವಿನಲ್ಲಿ ಮುಂದಿನ ಜೋಡಿ ಬಲಕ್ಕೆ ಎಳೆದಾಗ ಹಿಂದಿನದು ಗೋಡೆಗೆ ಒತ್ತದಂತೆ ನೋಡುವುದು, ಇಳಿಜಾರಿನಲ್ಲಿ ಭಾರವೇ ಮುನ್ನುಗ್ಗದಂತೆ ಹಿಂದಿನಿಂದ ಮಿಣಿ ಹಿಡಿಯುವುದು ಯಾವ ಕೈಪಿಡಿಯಲ್ಲೂ ಬರೆದ ವಿದ್ಯೆಯಲ್ಲ. ಊರಿನ ಗಾಡಿಯವರು, ಮಾವುತರು, ಕಪ್ಪಿ-ಹಗ್ಗ-ದಿಮ್ಮಿಗಳಲ್ಲೇ ಟನ್ನುಗಟ್ಟಲೆ ಭಾರ ಎತ್ತುವ ಖಲಾಸಿಗಳು ಅದನ್ನು ಬಲ್ಲವರು. ಒಳನಾಡಿನ ರೂರ್ಕಿಗೆ ಗಂಗಾ ಕಾಲುವೆಯ ಕೆಲಸಕ್ಕೆಂದು ಬಂದ ಇಂಜಿನ್ 1851ರ ಡಿಸೆಂಬರಿನಲ್ಲೇ ಮಣ್ಣುಗಾಡಿಗಳನ್ನು ಎಳೆದಿತ್ತು. ಪಾಪ, ಅಷ್ಟು ದೂರ ಬಂದ ಆ ಯಂತ್ರದ ಬಾಯ್ಲರ್ ವರ್ಷ ತುಂಬುವ ಮೊದಲೇ ಸಿಡಿಯಿತು.

ಬಿಡಿಭಾಗಗಳನ್ನು ಮತ್ತೆ ಒಂದುಗೂಡಿಸಲು ಕಾರ್ಖಾನೆಗಳಿಂದ ಫಿಟ್ಟರುಗಳು ಕರಾರಿನ ಮೇಲೆ ಬರುತ್ತಿದ್ದರು. ಅವರಿಗೆ ಹಡಗಿನ ಖರ್ಚು, ದುಪ್ಪಟ್ಟು ಸಂಬಳ, ಜೊತೆಗೆ ಬಿಸಿಲು, ಕಾಲರಾ. ಅವರ ಕೈಕೆಳಗೆ ದುಡಿದ ಕಮ್ಮಾರ, ಬಡಗಿ, ಖಲಾಸಿಗಳು ಗಂಟು ಬಿಚ್ಚುತ್ತ, ಗುರುತು ನೋಡಿ ಜೋಡಿಸುತ್ತ ಇಂಜಿನ್ನಿನ ಅಂಗಾಂಗ ಕಲಿತರು. ಜಮಾಲ್ಪುರ, ಪರೇಲ್, ಪೆರಂಬೂರು, ಅಜ್ಮೀರಗಳ ರೈಲ್ವೆ ಕಾರ್ಯಾಗಾರಗಳು ಮೊದಲಿಗೆ ಹೀಗೆ ಜೋಡಣೆ, ದುರಸ್ತಿಗೆಂದೇ ಹುಟ್ಟಿದವು.

1869ರಲ್ಲಿ ಸೂಯೆಜ್ ಕಾಲುವೆ ತೆರೆದು ಲಂಡನ್–ಬೊಂಬಾಯಿ ದಾರಿ ಸುಮಾರು 4,400 ನಾಟಿಕಲ್ ಮೈಲಿ ತಗ್ಗಿತು. ಕಾಲುವೆ, ಕೆಂಪು ಸಮುದ್ರಗಳ ಗಾಳಿ ಹಾಯಿಹಡಗಿಗೆ ಒಗ್ಗುತ್ತಿರಲಿಲ್ಲ, ಹಾಗಾಗಿ ಲಾಭವಾದದ್ದು ಉಗಿಹಡಗುಗಳಿಗೆ. ಅವಸರವಿಲ್ಲದ ಹಳಿ, ಕಲ್ಲಿದ್ದಲುಗಳು ಮಾತ್ರ ಇನ್ನೂ ಕೆಲವು ಕಾಲ ಹಾಯಿಯಲ್ಲೇ ಗುಡ್ ಹೋಪ್ ಭೂಶಿರ ಸುತ್ತಿ ಬಂದವು. ಬೊಂಬಾಯಿಯಲ್ಲಿ 1875ರಲ್ಲಿ ಸಸೂನ್ ಡಾಕ್, 1880ರಲ್ಲಿ ಪ್ರಿನ್ಸಸ್ ಡಾಕ್, ಕಲ್ಕತ್ತೆಯಲ್ಲಿ 1892ರಲ್ಲಿ ಖಿದಿರ್‌ಪುರ ಡಾಕ್ ಬಂದ ಮೇಲೆ ಭಾರದ ಸಾಮಾನನ್ನು ಕ್ರೇನಿನಿಂದ ನೇರ ಧಕ್ಕೆಗೆ ಇಳಿಸುವುದು ಸಾಧ್ಯವಾಯಿತು.

ಇದೇ ದಾರಿಯಲ್ಲಿ ಗಿರಣಿಗಳೂ ಬಂದವು. ನೂಲುವ ಯಂತ್ರಗಳನ್ನು ಹೊರದೇಶಕ್ಕೆ ಕಳಿಸುವುದನ್ನು ಬ್ರಿಟನ್ 1843ರವರೆಗೆ ಕಾನೂನಿನಿಂದ ತಡೆದಿತ್ತು. ಆ ತಡೆ ಹೋದ ಮೇಲೆ ಕಾವಸ್‌ಜಿ ದಾವರ್ ಲ್ಯಾಂಕಷೈರಿನಿಂದಲೇ ಯಂತ್ರ ತರಿಸಿ 1856ರಲ್ಲಿ ಬೊಂಬಾಯಿಯ ಮೊದಲ ಹತ್ತಿಗಿರಣಿ ನಡೆಸಿದ. ಲ್ಯಾಂಕಷೈರಿನ ಬಟ್ಟೆಗೆ ಪೈಪೋಟಿ ಕೊಡುವ ಗಿರಣಿಗಳಿಗೆ ಯಂತ್ರ ಮಾರಿ ಲಾಭ ಮಾಡಿದವರೂ ಲ್ಯಾಂಕಷೈರಿನವರೇ.

ಮೈಸೂರು ಸಂಸ್ಥಾನ ನೇರ ಬ್ರಿಟಿಷ್ ಆಳ್ವಿಕೆಯ ಪ್ರಾಂತವಲ್ಲದಿದ್ದರೂ ಯಂತ್ರಗಳ ದಾರಿ ಒಂದೇ ಆಗಿತ್ತು. ಕೋಲಾರದ ಚಿನ್ನದ ಗಣಿಗಳಿಗೆ ಜಾನ್ ಟೇಲರ್ ಕಂಪನಿ ತರಿಸಿದ ಯಂತ್ರಗಳು ಬೌರಿಂಗ್‌ಪೇಟೆಯವರೆಗೆ ರೈಲಿನಲ್ಲಿ, ಅಲ್ಲಿಂದ ಗಣಿಗೆ ರಸ್ತೆಯಲ್ಲಿ ಬರುತ್ತಿದ್ದವು. 1894ರಲ್ಲಿ ಶಾಖಾಮಾರ್ಗ ಬಂದ ಮೇಲೆ ಆ ತೊಡಕು ತಪ್ಪಿತು. ಶಿವನಸಮುದ್ರಕ್ಕೆ ಅಂಥ ಅನುಕೂಲವಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಆ ವಿದ್ಯುತ್ ಯೋಜನೆಗೆ ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ, ನೀರಿನ ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದ ಬಂದವು. ಬ್ರಿಟನ್ನಿನ ಕಾರ್ಖಾನೆಗಳನ್ನು ಬಿಟ್ಟು ಬೇರೆ ಕಡೆ ಕೊಂಡದ್ದು ಸಂಸ್ಥಾನಕ್ಕಿದ್ದ ಅಷ್ಟಿಷ್ಟು ಸ್ವಾತಂತ್ರ್ಯದ ಗುರುತು. ರೈಲಿನಿಂದಾಚೆಗೆ ಮಾತ್ರ ಲಾಹೋರಿನ ಕಥೆಯೇ ಇಲ್ಲಿಯೂ: ಎತ್ತಿನ ಗಾಡಿ, ಆನೆ. 1902ರ ಜೂನ್ 30ರಂದು ಅಲ್ಲಿಂದ 92 ಮೈಲಿ ದೂರದ ಕೋಲಾರದ ಗಣಿಗಳಿಗೆ ವಿದ್ಯುತ್ ಹರಿಯಿತು.

ಇಪ್ಪತ್ತನೆಯ ಶತಮಾನದಲ್ಲಿ ಇಂಜಿನ್‌ಗಳು ಬೆಳೆದು ನೂರು ಟನ್ ಮುಟ್ಟಿದವು. 1903ರಿಂದ ಭಾರತದ ಇಂಜಿನ್‌ಗಳಿಗೆ ಗೊತ್ತಾದ ಮಾದರಿಗಳನ್ನು ನಿಗದಿಮಾಡಿದ್ದರಿಂದ ಯಾವ ಕಾರ್ಖಾನೆಯ ಭಾಗವೂ ಅದೇ ಮಾದರಿಯ ಯಾವ ಇಂಜಿನ್ನಿಗೂ ಹೊಂದುವಂತಾಯಿತು, ಬಿಡಿಭಾಗಕ್ಕಾಗಿ ಕಾಯುವ ಗೋಳು ಕಡಿಮೆಯಾಯಿತು. ಅದೇ ವರ್ಷ ಗ್ಲಾಸ್ಗೋದ ಮೂರು ದೊಡ್ಡ ಕಾರ್ಖಾನೆಗಳು ಸೇರಿ ನಾರ್ತ್ ಬ್ರಿಟಿಷ್ ಲೋಕೊಮೋಟಿವ್ ಕಂಪನಿಯಾದವು. ಅಲ್ಲಿನ ಸ್ಪ್ರಿಂಗ್‌ಬರ್ನಿನಿಂದ ಕ್ಲೈಡ್ ನದಿಯ ಧಕ್ಕೆಗೆ ನಗರದ ಬೀದಿಗಳಲ್ಲೇ ಇಂಜಿನ್‌ಗಳನ್ನು ಎಳೆದು ತರುತ್ತಿದ್ದರು. ಅವುಗಳನ್ನು ಹಡಗಿಗೇರಿಸಲು 1930ರ ದಶಕದ ಆರಂಭದಲ್ಲಿ ಫಿನ್ನಿಸ್ಟನ್ ಧಕ್ಕೆಯಲ್ಲಿ 175 ಟನ್ ಎತ್ತುವ ಕ್ರೇನ್ ನಿಂತಿತು. ಬಿಚ್ಚದೆ ಇಡಿಯಾಗಿ ಇಂಜಿನ್ ಸಾಗಿಸುವ ಹಡಗುಗಳನ್ನು ಮೊದಲು ಮಾಡಿಸಿದವನು ನಾರ್ವೆಯ ಕ್ರಿಸ್ಟನ್ ಸ್ಮಿತ್. 1920ರ ದಶಕದಲ್ಲಿ ಅವನು ನೀರಿಗಿಳಿಸಿದ 'ಬೆಲ್' ಹೆಸರಿನ ಹಡಗುಗಳಿಗೆ ಅಗಲವಾದ ಬಾಯಿ, ಅಡ್ಡಕಂಬವಿಲ್ಲದ ಒಡಲು, ತಮ್ಮದೇ ಭಾರೀ ಎತ್ತುಗೋಲುಗಳಿದ್ದವು. ದಡದಲ್ಲಿ ಇಂಜಿನ್ನಿನ ಜೋಡಣೆಗೆ ಹಿಡಿಯುತ್ತಿದ್ದ ವಾರಗಳು ಉಳಿತಾಯವಾದವು.

ಇಷ್ಟು ಕಾಲ, ಇಷ್ಟು ಕಷ್ಟಪಟ್ಟು ಹೊರಗಿನಿಂದ ತರುವುದೇಕೆ, ಇಲ್ಲೇ ಮಾಡಬಾರದೇ ಎಂಬ ಪ್ರಶ್ನೆಗೆ ತಾಂತ್ರಿಕ ಉತ್ತರವಿರಲಿಲ್ಲ. ಅಜ್ಮೀರ 1895ರಲ್ಲಿ, ಜಮಾಲ್ಪುರ 1899ರಲ್ಲಿ ತಮ್ಮದೇ ಇಂಜಿನ್ ತಯಾರಿಸಿ ತೋರಿಸಿದ್ದವು. ಆದರೂ ಸ್ವಾತಂತ್ರ್ಯ ಬರುವವರೆಗೆ ಬ್ರಿಟನ್ನಿನಿಂದ ಭಾರತಕ್ಕೆ ಸುಮಾರು 14,400 ಇಂಜಿನ್‌ಗಳು ಬಂದವು, ಇಲ್ಲಿ ತಯಾರಾದವು ಸುಮಾರು 700 ಮಾತ್ರ. ಕೊಳ್ಳುವ ನಿರ್ಧಾರ ಲಂಡನ್ನಿನ ಕಚೇರಿಗಳಲ್ಲಿ ಆಗುತ್ತಿದ್ದಷ್ಟು ಕಾಲ ಬೇಡಿಕೆ ಅಲ್ಲಿನ ಕಾರ್ಖಾನೆಗಳಿಗೇ ಹೋಗುವುದು ಸಹಜವಾಗಿತ್ತು. ಸ್ವಾತಂತ್ರ್ಯದ ನಂತರ ಬಂಗಾಳದ ಚಿತ್ತರಂಜನ್ ಕಾರ್ಖಾನೆಯಿಂದ 1950ರಲ್ಲಿ ಮೊದಲ ಇಂಜಿನ್ ಹೊರಬಂದಾಗಲೂ ಅದರ ಹಲವು ಭಾಗಗಳು ಹಡಗಿನಲ್ಲೇ ಬಂದಿದ್ದವು. ವರ್ಷಗಳು ಕಳೆದಂತೆ ಆಮದಿನ ಪಟ್ಟಿ ಚಿಕ್ಕದಾಯಿತು. ಉಗಿಯ ಕಾಲ ಮುಗಿಯುತ್ತ ಬಂದು ಭಾರತದಂಥ ಹಳೆಯ ಗಿರಾಕಿಗಳೂ ಕೈತಪ್ಪಿದ ಮೇಲೆ, 1962ರಲ್ಲಿ ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಕಂಪನಿ ದಿವಾಳಿಯೆದ್ದು ಬಾಗಿಲು ಮುಚ್ಚಿತು.